ಯಾವ ಕಪಾಟು

ಫಳ್ನೀರಿನ ಇಳಿಜಾರಿನಲ್ಲಿ, ಟೈಲರ್ ಅಂಗಡಿಯ ಮೇಲ್ಗಡೆ
ನನ್ನ ಬಾಡಿಗೆ ಪುಸ್ತಕದ ಕೋಣೆ.
ಎಡಗಡೆ ಪ್ರೀತಿ, ಬಲಗಡೆ ಭಯ,
ನಡುವೆ ನಾನು, ಒಂದು ಸ್ಟೂಲು, ತಾರೀಕಿನ ಮೊಹರು.
ಇಪ್ಪತ್ತಾರು ವರ್ಷ ಇಷ್ಟೇ ಸಾಕಾಗಿತ್ತು.

ಈಗ ಗ್ಲಾಡ್‌ಸನ್ ಬರುತ್ತಾನೆ, ಸ್ಕೂಟರಿನಲ್ಲಿ ಕಾಲಸಂದಿಗೆ ರಟ್ಟಿನ ಪೆಟ್ಟಿಗೆ.
"ವಾರಿಜಕ್ಕ, ರಕ್ತ ಹೀರುವವರ ಕಾಲ ಮುಗಿಯಿತು,
ತೋಳಮನುಷ್ಯರು ಅರ್ಧ ರೇಟಿಗೆ.
ಈ ವರ್ಷ ಏನಿದ್ದರೂ ಯಕ್ಷರು, ಶಾಪದ ರಾಜಕುಮಾರರು,
ಹಾಳೆಯಂಚಿಗೆ ಬಣ್ಣ ಬಳಿದ ದಪ್ಪ ಪುಸ್ತಕಗಳು."
ಬಂಗುಡೆಯ ರೇಟು ಹೇಳುವ ಹಾಗೆ ಹೇಳುತ್ತಾನೆ,
ನಿನ್ನೆ ಇಷ್ಟಿತ್ತು, ಇವತ್ತು ಇಷ್ಟು, ನಾಳೆ ದೋಣಿ ಬಂದ ಮೇಲೆ ನೋಡುವ.

ಎಡಕ್ಕಿಡಲೋ ಬಲಕ್ಕೋ ಎಂದರೆ ತಲೆ ಕೆರೆದುಕೊಂಡ.
"ದೆವ್ವ ತೆಗೆದರೆ ಕತೆ ಬಡವಾಗುತ್ತದೆ,
ಪ್ರೀತಿ ತೆಗೆದರೆ ಕತೆಯೇ ಉಳಿಯುವುದಿಲ್ಲ,
ಹಾಗಂತ ಕಂಪನಿಯವರು ಹೇಳುವುದು.
ಮತ್ತೆ ಒಂದು ಕಟ್ಟಳೆ ಉಂಟು ಅಕ್ಕ,
ಕೊನೆಯ ಪುಟದಲ್ಲಿ ಇಬ್ಬರೂ ಒಟ್ಟಿಗಿರಬೇಕು.
ಇಲ್ಲದಿದ್ದರೆ ಜನ ತಂದು ಬಿಸಾಡುತ್ತಾರೆ."

ಕಂಪನಿಯ ಲೆಕ್ಕ ನನಗೆ ಗೊತ್ತಿಲ್ಲ, ಮೊಹರಿನ ಲೆಕ್ಕ ಗೊತ್ತುಂಟು.
ಕಂಕನಾಡಿಯ ನರ್ಸಿಂಗ್ ಹುಡುಗಿಯರು
ರಾತ್ರಿ ಪಾಳಿಯಲ್ಲಿ, ಶವಾಗಾರದ ಹೊರಗಿನ ಬೆಂಚಿನಲ್ಲಿ ಓದುತ್ತಾರಂತೆ.
ಅವರಿಗೆ ಭಯ ಬೇಡ, ಅದು ಸ್ಟೈಪೆಂಡಿನೊಳಗೇ ಸೇರಿದೆ.
ಸತ್ತವನು ಎದ್ದು ಬಂದು ಚಾ ಆಯ್ತಾ ಎಂದು ಕೇಳಬೇಕು, ಅಷ್ಟೇ.
ಕುದ್ರೋಳಿಯ ಝುಲೈಖಾ ಸಿಟಿ ಬಸ್ಸಿನಲ್ಲಿ ನಿಂತೇ ಓದುತ್ತಾಳೆ,
ಹಳೆ ಕ್ಯಾಲೆಂಡರಿನ ಬೈಂಡು ಹಾಕಿ.
ರಿಟಯರ್ಡ್ ಬ್ಯಾಂಕ್ ಮ್ಯಾನೇಜರ್ ಶೇಷಗಿರಿ ಪೈಗಳು
ಮೊಮ್ಮಗಳಿಗೆ ಎಂದು ಒಯ್ಯುವುದು,
ಎರಡನೆಯ ಭಾಗ ಬಂತಾ ಎಂದು ಫೋನು ಮಾಡುವುದು ಮಾತ್ರ ಅವರೇ.

ಇದೆಲ್ಲ ಹೊಸ ಟ್ರೆಂಡು ಎನ್ನುತ್ತಾನೆ ಗ್ಲಾಡ್‌ಸನ್.
ನಾನು ಏನೂ ಹೇಳಲಿಲ್ಲ.

ನನ್ನ ಅಕ್ಕ ಮೂರು ತಿಂಗಳಿಗೇ ಹೋದವಳು,
ಅಮ್ಮನ ಕನಸಿನಲ್ಲಿ ಬೆಳೆದಳು.
ದೊಡ್ಡವಳಾದಳು, ಜಡೆ ಮೊಣಕಾಲಿಗೆ ಬಂತು,
ಒಂದು ಆಟಿಯಲ್ಲಿ, ನನಗೆ ಗಂಡು ನೋಡಿ ಎಂದಳು.
ನೋಡಿದೆವು. ಸುರತ್ಕಲ್ ಕಡೆಯವನು,
ಆರನೇ ವಯಸ್ಸಿಗೆ ಹೊಳೆಯಲ್ಲಿ ಮುಳುಗಿದವನು,
ಇದ್ದಿದ್ದರೆ ಮೂವತ್ತೊಂದು.
ಬರಿ ಕೇಳಿದೆವು, ಬೇರೆ ಬೇರೆ. ಒಪ್ಪಿಗೆಯಾಯಿತು.
ರಾತ್ರಿ ಎರಡು ಮಣೆ, ಒಂದರಲ್ಲಿ ಸೀರೆ, ಒಂದರಲ್ಲಿ ಮುಂಡು,
ಕರಿಮಣಿ, ಬಳೆ, ಎಲೆಯ ಮೇಲೆ ಕೋರಿ ರೊಟ್ಟಿ.
ಹುಡುಗನ ತಾಯಿ ಸೀರೆಯ ನೆರಿಗೆ ಸರಿಮಾಡುತ್ತ
"ಇವನು ಸ್ವಲ್ಪ ಹಠಮಾರಿ, ಹೊಂದಿಕೊಂಡು ಹೋಗಲಿ" ಎಂದಳು.
ಮದುವೆಯಾಗದವರು ನೋಡಬಾರದೆಂದು ನನ್ನನ್ನು ಒಳಗೆ ಕೂರಿಸಿದ್ದರು.
ಇದಿಷ್ಟು ಬಾಗಿಲ ಸಂದಿಯಿಂದ ಕಂಡದ್ದು.

ಅಕ್ಕನ ಕೊನೆಯ ಪುಟ ಸರಿಯಾಗಿದೆ,
ಗ್ಲಾಡ್‌ಸನ್‌ನ ಕಂಪನಿಯವರು ಬಂದು ನೋಡಿದರೂ.

ಇನ್ನೂರ ಹನ್ನೆರಡನೇ ನಂಬರಿನ ಸದಸ್ಯ ಸದಾಶಿವ ಮೆಂಡನ್,
ಇಪ್ಪತ್ತೆರಡು ವರ್ಷದ ಹಿಂದೆ ಒಂದು ಪುಸ್ತಕ ಒಯ್ದ.
ಮೆಟ್ಟಿಲಿನಲ್ಲಿ ಒಮ್ಮೆ ತಿರುಗಿ, ಮಂಗಳವಾರ ತರುತ್ತೇನೆ ಎಂದ.
ದಿನಕ್ಕೆ ಐವತ್ತು ಪೈಸೆ ದಂಡ,
ನಾಲ್ಕು ಸಾವಿರ ದಾಟಿದೆ, ಪುಸ್ತಕದ ಬೆಲೆ ಅರುವತ್ತೈದು.
ಸತ್ತ ಎಂದು ಯಾರೂ ಹೇಳಿಲ್ಲ.
ಇದ್ದಾನೆಂದೂ ಹೇಳಿಲ್ಲ.
ಮೂರನೇ ಮೆಟ್ಟಿಲು ಕೆಲವು ಸಂಜೆ ಕಿರ್ರೆನ್ನುತ್ತದೆ,
ಹಲಗೆ ಹಳತಾಯಿತು ಎನ್ನುತ್ತಾನೆ ಟೈಲರ್ ಮೊಯಿದಿನ್.

ಅಂಥದ್ದೇನಾದರೂ ಉಂಟಾ ನಿನ್ನ ಪೆಟ್ಟಿಗೆಯಲ್ಲಿ ಎಂದು ಕೇಳಿದೆ,
ಒಬ್ಬಳು ಸುಮ್ಮನೆ ಲೆಕ್ಕ ಬರೆಯುತ್ತ ಕೂರುವಂಥದ್ದು.
"ಅದು ಹೋಗಲಿಕ್ಕಿಲ್ಲ ಅಕ್ಕ," ಎಂದ, ಹೆಲ್ಮೆಟ್ ಹಾಕಿಕೊಂಡ.

ಆರು ಪುಸ್ತಕ ತೆಗೆದುಕೊಂಡೆ.
ಎಡಕ್ಕೂ ಇಡಲಿಲ್ಲ, ಬಲಕ್ಕೂ ಇಡಲಿಲ್ಲ,
ಸದ್ಯಕ್ಕೆ ಸ್ಟೂಲಿನ ಮೇಲಿವೆ.
ನಾನು ನೆಲದಲ್ಲಿ ಕೂತು ಮೊಹರಿನ ಚಕ್ರ ತಿರುಗಿಸಿದೆ,
ಮಂಗಳವಾರದ ತಾರೀಕಿಗೆ.