ಆರಿಸುವುದು

ಮುರ್ಗಾಬಿನ ಸಂತೆಯೆಂದರೆ ತುಕ್ಕು ಹಿಡಿದ ಕಂಟೇನರುಗಳ ಎರಡು ಸಾಲು,
ನಡುವೆ ಧೂಳು, ಒಂದು ನಾಯಿ,
ಇವತ್ತು ಟಾರ್ಪಾಲಿನ ಮೇಲೆ ಮೂರು ಎಂಜಿನ್.

ನನ್ನ ಉವಾಜ್ ಎಂಬತ್ನಾಲ್ಕರದು.
ಸರ್ಕಾರಿ ಕುರಿಫಾರ್ಮು ಮುಚ್ಚಿದ ವರ್ಷ
ಹನ್ನೆರಡು ಕುರಿ ಕೊಟ್ಟು ಕೊಂಡದ್ದು.
ಹೋದ ತಿಂಗಳು ಅಕ್-ಬೈತಾಲಿನ ನೆತ್ತಿಗೆ ಇನ್ನೆರಡೇ ತಿರುವಿದ್ದಾಗ
ಒಳಗೆಲ್ಲೋ ಕಬ್ಬಿಣ ಕಬ್ಬಿಣವನ್ನು ಕಚ್ಚಿ
ನಿಂತಿತು.
ಬಿಳಿಗುದುರೆ ಎಂದು ಆ ದಾರಿಯ ಹೆಸರು,
ಹತ್ತಿದವರನ್ನು ಕೆಡವುವುದೇ ಅದರ ಚಾಳಿ.

ಗಾಡಿಯ ಗುಂಡಿಗೆ ಒಡೆಯಿತು, ಅಂದರು ಸಂತೆಯವರು.
ನಾನು ಒಪ್ಪುವುದಿಲ್ಲ.
ಗುಂಡಿಗೆಗೆ ಬೋಲ್ಟು ಇರುವುದಿಲ್ಲ.
ಗುಂಡಿಗೆಯನ್ನು ಸರಪಳಿ ಕಟ್ಟಿ ಮೂವರು ಎತ್ತಿ
ನೆಲಕ್ಕಿಟ್ಟು, ಅದರ ಮೇಲೆ ಕೂತು ಚಹಾ ಕುಡಿಯಲಾಗುವುದಿಲ್ಲ.

ಮೊದಲನೆಯದು ಜಪಾನಿನ ಡೀಸೆಲ್.
ಖೊರೋಗ್ ದಾರಿಯಲ್ಲಿ ನದಿಗುರುಳಿದ ಗಾಡಿಯದು,
ಮರಳು ತೊಳೆದು ತಂದಿದ್ದಾರೆ. ಟರ್ಬೊ ಇದೆ.
ಈ ಎತ್ತರದಲ್ಲಿ ಗಾಳಿಗೇ ಅರೆಹೊಟ್ಟೆ;
ಅದು ಇದ್ದಷ್ಟನ್ನೇ ಒತ್ತಿ ಒತ್ತಿ ಉಣ್ಣಿಸುತ್ತದೆ.
ಖುಷ್ನಜರ್ ಮೇಸ್ತ್ರಿ ಅಳತೆಪಟ್ಟಿ ಹಿಡಿದು ಬಗ್ಗಿದ:
"ಎರಡು ಬೆರಳು ಉದ್ದ ಜಾಸ್ತಿ. ಅಡ್ಡಪಟ್ಟಿ ಕೊಯ್ಯಬೇಕು.
ಗೇರ್‌ಪೆಟ್ಟಿಗೆಗೂ ಇದಕ್ಕೂ ನಡುವೆ ಒಂದು ತಟ್ಟೆ, ಓಷ್‌ನಲ್ಲಿ ಕಡೆಸಬೇಕು.
ಅಷ್ಟಾದ ಮೇಲೆ ಹಿಂದಿನ ಆಕ್ಸಲ್ ಮುರಿಯುತ್ತೆ, ನೋಡ್ತಿರು.
ಬಲ ಕೊಡೋನನ್ನಲ್ಲ, ಹೊರೋನನ್ನ ಕೇಳಬೇಕು."

ಎರಡನೆಯದು ಹೊಚ್ಚ ಹೊಸದು. ಕುಲ್ಮಾ ದಾಟಿ ಚೀನಾದ ಲಾರಿಯಲ್ಲಿ ಬಂದದ್ದು.
ಇನ್ನೂ ಪ್ಲಾಸ್ಟಿಕ್ ಬಿಚ್ಚಿಲ್ಲ. ಜೊತೆಗೊಂದು ಕರಿಡಬ್ಬಿ,
ಎಲ್ಲವೂ ಅದಕ್ಕೇ ಗೊತ್ತಂತೆ.
ಅದಕ್ಕೆ ತಿಳಿಯದ್ದು ಇಲ್ಲಿ ಯಾರಿಗೂ ತಿಳಿಯದು.

ಮೂರನೆಯದು ಸತ್ತದ್ದರ ತಮ್ಮ.
ಅದೇ ನಾಲ್ಕು ಸಿಲಿಂಡರ್, ಅದೇ ಪೆಟ್ರೋಲಿನ ಹಸಿವು,
ಏರಿನಲ್ಲಿ ಅದೇ ಏದುಸಿರು.
ಬಣ್ಣ ಮಾತ್ರ ಹೊಸತು, ಕುಂಚದ ಕೂದಲು ಅಂಟಿಕೊಂಡ ಹಾಗೇ.

ನಾನು ಡೀಸೆಲ್ಲಿಗೆ ದುಡ್ಡು ಎಣಿಸುತ್ತಿದ್ದೆ, ಸುಳ್ಳೇಕೆ.
ಏರಿನಲ್ಲಿ ಲಾರಿಗಳನ್ನು ಹಿಂದಿಕ್ಕುವ ಆಸೆ
ಐವತ್ತೆರಡಕ್ಕೂ ಆರುವುದಿಲ್ಲ.

ಆಗ ಬಂದಳು ಜಿಪಾರ್, ಸೂಲಗಿತ್ತಿ.
ಗಾಡಿಯ ಹಿಂದಿನ ಸೀಟು ಇಪ್ಪತ್ತು ವರ್ಷದಿಂದ ಅವಳದು.
ಎಷ್ಟು ಕುದುರೆಬಲ ಅನ್ನಲಿಲ್ಲ, ಎಷ್ಟು ಬೆಲೆ ಅನ್ನಲಿಲ್ಲ.
"ಇವುಗಳಲ್ಲಿ ಯಾವುದನ್ನ ಆರಿಸಬಹುದು?"
"ಆರಿಸೋಕೇ ಬಂದಿರೋದು ತಾನೆ," ಅಂದೆ.
"ಅದಲ್ಲ. ದಾರಿ ನಡುವೆ ಆರಿಸೋದು. ನಂದಿಸೋದು."

ಕೋಟಿನ ಜೇಬಿನಿಂದ ಮರದ ಕೊಳವೆ ತೆಗೆದಳು,
ಬಸಿರಿಯ ಹೊಟ್ಟೆಗಿಟ್ಟು ಕಿವಿ ಹಚ್ಚುವಂಥದು,
ಅಂಚು ಸವೆದು ನುಣುಪಾಗಿದೆ.
"ಮೇಲೆ ಮೈನಸ್ ನಲವತ್ತು. ನಿಲ್ಲಿಸಿದ ಡೀಸೆಲ್ ಕುರಿಕೊಬ್ಬಿನ ಹಾಗೆ ಹೆಪ್ಪುಗಟ್ಟುತ್ತೆ.
ಅದಕ್ಕೇ ನೀನು ನಿಲ್ಲಿಸಲ್ಲ. ಅದು ಗುದ್ದುತ್ತಲೇ ಇರುತ್ತೆ.
ಆಗ ನಾನು ಯಾರ ಗುಂಡಿಗೆ ಕೇಳಲಿ?
ಆ ಕರಿಡಬ್ಬಿಯದು ನಿಂತು, ಬ್ಯಾಟರಿ ಸತ್ತರೆ, ಅಲ್ಲಿಗೆ ಮುಗೀತು.
ಇದು?"

ಮೂರನೆಯದರ ಮೂತಿಯಲ್ಲಿ ಹಿಡಿಕೆ ಕಚ್ಚುವ ಗಾಡಿ ಇತ್ತು.
ಬಾಟಲಿಯಿಂದ ಪೆಟ್ರೋಲ್ ಕುಡಿಸಿ, ತಂತಿ ಸಿಕ್ಕಿಸಿ, ತಿರುಗಿಸಿದೆ.
ಮೂರು ಸುತ್ತು ಬರೀ ಕೆಮ್ಮು.
ನಾಲ್ಕಕ್ಕೆ ಹೊತ್ತಿತು. ನಾಯಿ ಓಡಿತು.
"ಆರಿಸು," ಅಂದಳು.
ಆರಿಸಿದೆ.
"ಮತ್ತೆ."
ಹೊತ್ತಿತು.

ಹಳೆಯದು ಮನೆಯ ಹಿಂದಿದೆ, ಯಾಕ್ ಕರು ಕಟ್ಟುತ್ತೇವೆ.
ಕರು ಎಷ್ಟೆಳೆದರೂ ಅಲುಗದು;
ಅಷ್ಟು ಬಲ ಅದಕ್ಕೆ ಗಾಡಿಯಲ್ಲಿದ್ದಾಗ ಇರಲಿಲ್ಲ.
ಲಾರಿಗಳು ಈಗಲೂ ಹಾರನ್ ಹೊಡೆದು ನನ್ನನ್ನು ದಾಟಿ ಹೋಗುತ್ತವೆ.

ನೆತ್ತಿಗೆ ಎರಡು ತಿರುವಿರುವಾಗ
ಹಿಂದಿನಿಂದ ನನ್ನ ಹೆಗಲು ತಟ್ಟುತ್ತಾಳೆ.
ಕೀಲಿ ತಿರುಗಿಸುತ್ತೇನೆ.
ಗಾಜಿಗೆ ಹಿಮ ತಾಗುವುದು ಕೇಳಿಸುತ್ತದೆ.
ಅವಳು ಬಗ್ಗುತ್ತಾಳೆ. ತುಟಿಯಲ್ಲೇ ಎಣಿಸುತ್ತಾಳೆ.
ಹಿಡಿಕೆ ನನ್ನ ಕಾಲ ಬಳಿ ಇದೆ.