ಏಳನೇ ಫೋಟೋ

ಶನಿವಾರ ರಾತ್ರಿ ಪಾತ್ರೆ ತೊಳೆದಿಟ್ಟು,
ಒದ್ದೆ ಬೆರಳಿನ ಮಾತು ಫೋನು ಕೇಳುವುದಿಲ್ಲವೆಂದು
ಸೆರಗಿಗೆ ಒರೆಸಿಕೊಂಡು ಕೂರುತ್ತೇನೆ.
ಎರಡು ಬೆಡ್‌ರೂಮು. ಎಪ್ಪತ್ತು ಲಕ್ಷದೊಳಗೆ.
ಕಾವೇರಿ ನೀರು, ಇದ್ದರೆ.
ಇವರು ಪಕ್ಕದಿಂದ: ಎ ಖಾತಾ ಅಂತ ಹಾಕಿದೆಯಾ?
ಹಾಕಿದರೆ ನಾನೂರು ಮನೆ ಹನ್ನೊಂದಾಗುತ್ತವೆ.
ಪೂರ್ವದ ಬಾಗಿಲು ಅಂದರೆ ಮೂರು.
ಅತ್ತೆಯ ಮಾತು ತೆಗೆದು
ಮತ್ತೆ ಹನ್ನೊಂದು ಮಾಡಿಕೊಳ್ಳುತ್ತೇನೆ.

ಅದರಲ್ಲಿ 'ಭಾನುವಾರ ಓಪನ್ ಹೌಸ್' ಎಂಬ
ಹಸಿರು ಪಟ್ಟಿ ಇರುವುದು ನಾಲ್ಕಕ್ಕೆ.
ಬಸ್ಸಿನ ದಾರಿಯಲ್ಲಿ ಪೋಣಿಸುತ್ತೇನೆ:
ಉತ್ತರಹಳ್ಳಿ, ಚನ್ನಸಂದ್ರ, ಕೆಂಗೇರಿ,
ಊಟವಾದ ಮೇಲೆ ತೆರೆಯುವ ನಾಯಂಡಹಳ್ಳಿ.
ಮನೆ ಕಟ್ಟಿ ನೋಡು ಅಂದರು ಹಿರಿಯರು.
ನಾವಿನ್ನೂ ನೋಡುವುದರಲ್ಲೇ ಇದ್ದೇವೆ.

ಫೋಟೋದ ಮನೆಗಳಲ್ಲಿ ಸಂಜೆಯೇ ಆಗುವುದಿಲ್ಲ.
ಹಾಲಿನಲ್ಲಿ ಕ್ರಿಕೆಟ್ ಆಡಬಹುದು; ಹೋಗಿ ನೋಡಿದರೆ
ಸೋಫಾದಲ್ಲಿ ಕೂತವರ ಮೊಣಕಾಲು ಟೀವಿಗೆ ತಾಗುತ್ತದೆ.
'ಮೆಟ್ರೋಗೆ ಐದು ನಿಮಿಷ', ಯಾರ ನಿಮಿಷವೋ.
'ಉದ್ಯಾನದ ನೋಟ', ಪಕ್ಕದವರ ಒಂದು ಸಾಲು ಕ್ರೋಟನ್.
ಹತ್ತು ಫೋಟೋ ಹಾಕಿ ಅಡುಗೆಮನೆ ಹಾಕದಿದ್ದರೆ
ಆ ಮನೆಗೆ ಹೋಗಲೇಬೇಡಿ. ಇದು ನಾನು ಕಲಿತದ್ದು.

ಚನ್ನಸಂದ್ರದ್ದು ಸುಳ್ಳಲ್ಲ.
ಹೊಸಿಲಾಚೆ ಅಷ್ಟೊಂದು ಚಪ್ಪಲಿ.
ಗೃಹಪ್ರವೇಶಕ್ಕೆ ಬಂದವರಂತೆ ಬಂದಿದ್ದೆವು,
ಹಾಲು ಉಕ್ಕಿಸುವವರು ಮಾತ್ರ ಯಾರೆಂದು ತಿಳಿಯದು.
ಏಜೆಂಟ್ ಲೋಹಿತ್, ಕತ್ತಿನಲ್ಲಿ ಬೀಗದ ಕೈ,
ಎಲ್ಲರ ಕಿವಿಗೂ ಬೇರೆ ಬೇರೆಯಾಗಿ ಒಂದೇ ಗುಟ್ಟು:
'ಬೆಳಿಗ್ಗೆಯಿಂದ ಇಬ್ಬರು ಟೋಕನ್ ಕೊಡ್ತೀನಿ ಅಂದಿದಾರೆ ಮೇಡಂ.'
ಪ್ರತಿ ಭಾನುವಾರ ಸಿಗುವ ಸಿಸಿಲಿಯಾ, ಅವರ ಗಂಡ, ಅಲ್ಲಿಯೂ.
ಅವರು ಗೋಡೆ ತಟ್ಟುವವರು. ನಾವು ನಲ್ಲಿ ತಿರುಗಿಸುವವರು.
ಕಣ್ಣಲ್ಲೇ ವಿಚಾರಿಸಿಕೊಂಡೆವು: ಇನ್ನೂ ಆಗಿಲ್ವಾ?

ಮೇದಿನಿ ಚಿಕ್ಕ ಕೋಣೆಯ ಮೂಲೆಯಲ್ಲಿ ಕೂತು
'ಇಲ್ಲಿ ನನ್ನ ಟೇಬಲ್ಲು' ಅಂದಳು, ಗಟ್ಟಿಯಾಗಿ.
ಲೋಹಿತ್ ಕೇಳಿಸಿಕೊಂಡ.
ಎಪ್ಪತ್ತೆಂದು ಬರೆದದ್ದು ಗೋಡೆಗಷ್ಟೇ ಅಂತೆ;
ಪಾರ್ಕಿಂಗು, ರಿಜಿಸ್ಟ್ರೇಷನ್ನು, ಅದು ಇದು,
ಎಂಬತ್ತೊಂದು.
ಇವರು ಅಂಗೈ ಮೇಲೆ ಒಮ್ಮೆ, ಬ್ಯಾಂಕಿನ ಆ್ಯಪಲ್ಲಿ ಒಮ್ಮೆ
ಲೆಕ್ಕ ಹಾಕಿ
ನಲ್ಲಿ ನಿಲ್ಲಿಸು ಅಂದರು, ನೀರು ಹೋಗ್ತಿದೆ.

ಹೊರಗೆ ಬಂದರೆ ನನ್ನ ಎಡಗಾಲಿನ ಚಪ್ಪಲಿ ಯಾರದೋ.
ಅಳತೆ ಸರಿಯಿತ್ತು, ಬಣ್ಣವೂ ಹೆಚ್ಚುಕಡಿಮೆ.
ಹಾಗೇ ಮೆಟ್ಟಿಕೊಂಡು ಕೆಂಗೇರಿಗೆ ಹೋದೆವು.

ಬುಧವಾರ ಮೆಡಿಕಲ್ ಶಾಪಿನಲ್ಲಿ ಗಿರಾಕಿ ಇಲ್ಲದ ಹೊತ್ತು
ಸುಮ್ಮನೆ ತೆರೆದೆ. ಹೊಸ ಫೋಟೋ ಹಾಕಿದ್ದಾರೆ.
ಏಳನೆಯದರಲ್ಲಿ, ಬೀರುವಿನ ಕನ್ನಡಿಯೊಳಗೆ,
ಪಾಚಿ ಬಣ್ಣದ ಸೀರೆಯವಳೊಬ್ಬಳು
ಕಿಟಕಿಯ ಚಿಲಕ ಹಾಕಿ ತೆಗೆದು ನೋಡುತ್ತಿದ್ದಾಳೆ.
ನಾನು.
ಎಷ್ಟೋ ವರ್ಷದಿಂದ ಅದೇ ಚಿಲಕ ಹಾಕಿದವಳ ಹಾಗೆ.

ಇವರಿಗೆ ತೋರಿಸಲಿಲ್ಲ.
ಎರಡು ತಿಂಗಳು ಅಲ್ಲಿದ್ದೆ.
ಬೆಲೆ ಎರಡು ಸಲ ಇಳಿಯಿತು, ನಮ್ಮ ತನಕ ಇಳಿಯಲಿಲ್ಲ.
ಯಾರು ಯಾರೋ ಎಲ್ಲೆಲ್ಲೋ ಕೂತು ಬೆರಳಾಡಿಸಿ
ನನ್ನನ್ನು ದಾಟಿ ಎಂಟನೆಯದಕ್ಕೆ ಹೋಗಿರಬೇಕು.
ಎಂಟನೆಯದು ಬಚ್ಚಲು.

ಮೊನ್ನೆ ಕೆಂಪಕ್ಷರದಲ್ಲಿ 'ಮಾರಾಟವಾಗಿದೆ'.
ಒತ್ತಿದರೂ ಫೋಟೋ ತೆರೆಯುವುದಿಲ್ಲ.
ಈ ಭಾನುವಾರ ಕೋಣನಕುಂಟೆಯಲ್ಲಿ ಸಿಸಿಲಿಯಾ ಕಾಣಲಿಲ್ಲ.
ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಎಡದ್ದನ್ನು ನೋಡಿದೆ.
ಅವರದೇ ಇದ್ದರೂ ಇರಬಹುದು.
ಹಾಗಿದ್ದರೆ ನನ್ನದು ಈಗ ಚನ್ನಸಂದ್ರದಲ್ಲಿ,
ಸಂಜೆ ಸಂಜೆ ಆ ಹೊಸಿಲಿಗೆ ವಾಪಸು ಬರುತ್ತಿರಬೇಕು.