ಪಂಪಿಗೆ ಬಣ್ಣ

ಕುಂಬಳೆಯಲ್ಲಿ ಹೈವೇ ಮೇಲೆದ್ದ ಮೇಲೆ
ನನ್ನ ಗ್ಯಾರೇಜು ರಸ್ತೆಗಿಂತ ಎರಡಾಳು ಕೆಳಗೆ.
ಮೇಲೆ ಲಾರಿ ಹೋದರೆ ಇಲ್ಲಿ
ಮೊಳೆಗೆ ತೂಗಿದ ಸ್ಪಾನರುಗಳು ತಮ್ಮಷ್ಟಕ್ಕೆ ಮಾತಾಡುತ್ತವೆ.

ಬೇಳದ ಸೆವ್ರಿನ್ ಬಾಯಿಯ ಬೆಂಜ್ ಬಂತು ಮಧ್ಯಾಹ್ನ,
ಎಂಬತ್ತೆರಡರ ಗಾಡಿ, ತುಪ್ಪದ ಬಣ್ಣ.
ಅಂಡರ್‌ಪಾಸಿನ ತಿರುವಿನಲ್ಲಿ ಕರು ಹಾಕುವ ಎಮ್ಮೆಯ ಹಾಗೆ
ನರಳಿತು ನೋಡಿ, ಅಲ್ಲಿ ಮಲಗಿದ್ದ ನಾಯಿ
ಎದ್ದು ಓಡಿತು.

ಇಳಿದವರೇ ಕೈಯ ಗಂಟು ತೋರಿಸಿದರು:
"ಕುವೈತಿನಲ್ಲಿ ಇಪ್ಪತ್ತೊಂದು ವರ್ಷ ಹೆರಿಗೆ ವಾರ್ಡು ಮಾರಾಯ.
ಎಷ್ಟು ತಲೆ ತಿರುಗಿಸಿ ಹೊರಗೆ ತಂದಿಲ್ಲ ಇದರಲ್ಲಿ!
ಈಗ ಈ ಒಂದು ಚಕ್ರ ತಿರುಗುವುದಿಲ್ಲ ಅಂತದೆ."

ತಪ್ಪು ಕೈಯದಲ್ಲ, ಪಂಪಿನದು.
ಬೆಲ್ಟು ಸಡಿಲಿಸಿ ಪೈಪೆರಡು ಬಿಚ್ಚಿದೆ.
ಪುನರ್ಪುಳಿ ಸಾರಿನ ಕೆಂಪು ಇರಬೇಕಿತ್ತು ಎಣ್ಣೆ,
ಟ್ರೇಗೆ ಬಿದ್ದದ್ದು ಬತ್ತಿದ ಕಷಾಯ.
ಬ್ರಾಕೆಟ್ಟಿನ ಹಿಂದೆ ಒಂದು ಬೋಲ್ಟು, ಕಣ್ಣಿಗೆ ಕಾಣದ್ದು.
ಅದಕ್ಕೆ ಒಂದೂವರೆ ಗಂಟೆ ಹೋಯಿತು, ಒಂದು ಉಗುರೂ.
ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಬದಲಿ ಪಂಪು ಬಂದದ್ದು ಕೊಯಮತ್ತೂರಿನಿಂದ, ರಾತ್ರಿ ಬಸ್ಸಿನಲ್ಲಿ,
ತಮಿಳು ಪೇಪರಿನ ವರನ್ವೇಷಣೆ ಪುಟ ಸುತ್ತಿಕೊಂಡು.
ಒಳಗೆ ಹೊಸ ಸೀಲು, ಹೊಸ ಬೇರಿಂಗು.
ಹೊರಗೆ ತುಕ್ಕು, ತುಕ್ಕಿನ ಮೇಲೆ ಯಾರೋ
ಅವಸರದಲ್ಲಿ ಬಳಿದ ಬೆಳ್ಳಿ.

ಹಾಗೇ ಕೂರಿಸಬಹುದಿತ್ತು.
"ಬಾನೆಟ್ಟಿನೊಳಗೆ ಯಾರು ಇಣುಕುತ್ತಾರಣ್ಣ?" ಅಂದ ಶ್ಯಾಂಜಿತ್.
ಸ್ಟೂಲಿನಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದ ಬಾಯಿ
ತಲೆಯೆತ್ತಲಿಲ್ಲ:
"ನಮ್ಮ ದೊಡ್ಡ ಡಾಕ್ಟರಮ್ಮ, ಒಳಹೊಲಿಗೆ ಸೊಟ್ಟವಾದರೆ
ಬಿಚ್ಚಿ ಮತ್ತೆ ಹಾಕುವಳು.
ಎರಡನೆಯ ಹೆರಿಗೆಗೆ ಬಂದಾಗ ಕಾಣುತ್ತದಲ್ಲ, ಅನ್ನುವಳು."

ಸರಿ. ಸೀಮೆಎಣ್ಣೆ, ತಂತಿಯ ಬ್ರಷ್ಷು, ನೂರಿಪ್ಪತ್ತರ ಕಾಗದ.
ಬೆಳ್ಳಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ಬೂದು,
ಆಮೇಲೆ ಕಬ್ಬಿಣ ತಾನೇ.
ಎಣ್ಣೆಯ ಬಾಯಿಗಳಿಗೆ, ಶಾಫ್ಟಿನ ಕುತ್ತಿಗೆಗೆ ಟೇಪು ಸುತ್ತಿದೆ.
ಒಂದು ಕೈ ಪ್ರೈಮರು, ಎರಡು ಕೈ ಕಪ್ಪು.
ಮಿಂಚಬಾರದು, ಸಪ್ಪೆಯೂ ಆಗಬಾರದು,
ಒರೆಸಿಟ್ಟ ದೋಸೆ ಕಾವಲಿಯಷ್ಟು.
ಕಡಲಗಾಳಿಯ ಉಪ್ಪು ಹಸಿಬಣ್ಣಕ್ಕೆ ಆಗುವುದಿಲ್ಲ.
ಸತ್ತ ಫ್ರಿಜ್ಜಿನೊಳಗೆ ನೂರು ವಾಟಿನ ಬಲ್ಬು ಉರಿಸಿ
ಅದರಲ್ಲಿಟ್ಟು ಬಾಗಿಲು ಹಾಕಿದೆ, ರಾತ್ರಿಯಿಡೀ.

ಬೆಳಿಗ್ಗೆ ಅಡಿಭಾಗದಲ್ಲಿ ಗುರುತು ಹಾಕಲು ಕುಳಿತೆ.
ತಾರೀಕು ಗೀಚಿದೆ. ಮುಂದೆ?
ಮುಂದೆ ಇದನ್ನು ಬಿಚ್ಚುವವನು ಕನ್ನಡ ಓದುತ್ತಾನೋ,
ಮಲಯಾಳವೋ, ಬಿಹಾರದ ಹುಡುಗನೋ.
ಶಾಲೆಯಲ್ಲಿ ಕಲಿತ ಅಕ್ಷರ ಮೊಳೆಯ ತುದಿಯಲ್ಲಿ ನಿಂತಿತು.
ಕೊನೆಗೆ ಒಂದು ಬಾಣ ಎಳೆದೆ,
ತಿರುಗುವ ದಿಕ್ಕಿಗೆ.
ಬಾಣದ ಬಾಲದ ಹತ್ತಿರ, ತಡೆಯಲಾರದೆ,
ಸಣ್ಣದಾಗಿ ಒಂದು 'ಕು'.

ಮುಂದಿನ ಚಕ್ರ ಎರಡೂ ಜಾಕಿನ ಮೇಲೆ.
ಎಂಜಿನು ಬಂದ್. ಬಾಯಿ ಸೀಟಿನಲ್ಲಿ,
ಎಡತುದಿಗೆ, ಬಲತುದಿಗೆ, ಮತ್ತೆ ಎಡಕ್ಕೆ,
ಎಲ್ಲಿಗೂ ಹೋಗದೆ ತಿರುಗಿಸುತ್ತಿದ್ದರು, ಬಾಯಲ್ಲಿ ಜಪ.
ಡಬ್ಬಿಯಲ್ಲಿ ನೊರೆ, ಗುಳ್ಳೆ, ಗುಳ್ಳೆ ಒಡೆದರೆ ಇನ್ನಷ್ಟು ಎಣ್ಣೆ.
"ಉಸಿರು ಹೋಗಲಿ ಬಾಯಿ, ಇನ್ನೂ ಇದೆ."
"ಹೀಗೆ ಹೇಳುವುದು ನನ್ನ ಕೆಲಸವಾಗಿತ್ತು," ಅಂದರು.
ಸ್ಟಾರ್ಟು ಮಾಡಿದ ಮೇಲೆ ಗುಳ್ಳೆ ನಿಂತಿತು. ಕೆಂಪು ತಿಳಿಯಾಯಿತು.

ಬಿಲ್ಲಿನಲ್ಲಿ ನಾನು ಬಣ್ಣದ ಲೆಕ್ಕ ಬಿಟ್ಟಿದ್ದೆ.
ಅವರೇ ಬರೆಸಿದರು: ಬಣ್ಣ, ಮುನ್ನೂರೈವತ್ತು.
ಬರೆಸಿ, ಚೌಕಾಸಿ ಮಾಡಿ, ಮುನ್ನೂರು ಕೊಟ್ಟರು.

ಮೇಲಿನ ರಸ್ತೆಗೆ ಹತ್ತಿದರೆ ತಲಪಾಡಿಯ ತನಕ ತಿರುವೇ ಇಲ್ಲ,
ಅಲ್ಲಿ ಈ ಕೆಲಸ ಯಾರಿಗೆ ಬೇಕು.
ಬಾಯಿ ಹತ್ತಲಿಲ್ಲ. ಕೆಳಗಿನಿಂದ, ಬೇಳದ ಕಡೆಗೆ,
ಒಂದು ಬೆರಳಲ್ಲಿ ಚಕ್ರ ಹಿಡಿದು ಅಂಡರ್‌ಪಾಸಿಗೆ ತಿರುಗಿದರು.
ನಾನೂ ಶ್ಯಾಂಜಿತನೂ ಕಿವಿಗೊಟ್ಟು ನಿಂತೆವು.

ನಾಯಿ ಒಂದು ಕಣ್ಣು ತೆರೆಯಿತು,
ಮುಚ್ಚಿತು.